ಕೇಳದೆ ಎಳೆದ ಗೆರೆ

ಆಪರೇಷನ್ನಿಗೆ ಒಪ್ಪಿಗೆ ಸಹಿ ಹಾಕಿಸುವುದು ವಾರ್ಡಿನ ನರ್ಸಾದ ನನ್ನ ಕೆಲಸ. ನಮ್ಮಲ್ಲಿ ಅದಕ್ಕೊಂದು ಪದ್ಧತಿಯಿದೆ. ಸಹಿಯ ಜಾಗಕ್ಕೆಲ್ಲ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟು, ರೋಗಿಯ ಮಗನನ್ನೋ ಗಂಡನನ್ನೋ ವರಾಂಡಕ್ಕೆ ಕರೆದು "ಇಲ್ಲಿ, ಇಲ್ಲಿ, ಇಲ್ಲಿ" ಎನ್ನುವುದು. ಓದುವ ಗೊಡವೆಯೇ ಇಲ್ಲ. ರೋಗಿ ಮಾತ್ರ ಒಳಗೆ ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿರುತ್ತಾರೆ. ಇಪ್ಪತ್ತೆರಡು ವರ್ಷ ನಾನೂ ಹೀಗೇ ಮಾಡಿದ್ದೇನೆ, ನಾಚಿಕೆಗೇಡು.

ಆ ದಿನ ಒಂಬತ್ತನೇ ಮಂಚದ ಟೇಲರಮ್ಮನ ಸರದಿ. ಸಕ್ಕರೆ ಕಾಯಿಲೆಯಿಂದ ಬಲಪಾದ ಕೊಳೆತಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದು ಸರ್ಜನ್ ಹೇಳಿದ್ದು ಆಕೆಗಲ್ಲ, ಮಗನಿಗೆ. "ಅಮ್ಮಂಗೆ ಹೇಳ್ಬೇಡಿ ಸಿಸ್ಟರ್, ಎದೆ ಒಡ್ಕೋತಾಳೆ. ಗಾಯ ತೊಳೀತಾರೆ ಅಂದಿದ್ದೀನಿ" ಎಂದು ಅವನು ಮೂರೂ ಕಡೆ ಸಹಿ ಹಾಕಿದ. ಕಿರಿಯ ಡಾಕ್ಟರು ಬಂದು ಕಾಲಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು, ತುಟಿ ಎರಡು ಮಾಡದೆ ಹೋದರು.

ಬಟ್ಟೆ ಬದಲಿಸಲು ಹೋದ ನನ್ನ ಕೈಯನ್ನು ಟೇಲರಮ್ಮ ಹಿಡಿದುಕೊಂಡರು.

"ತೊಳೆಯೋಕೆ ಗೆರೆ ಯಾಕೆ ಸಿಸ್ಟರಮ್ಮಾ?"

ನಾನು ಆ ಗೆರೆ ಕಾಣದಂತೆ ಹೊದಿಕೆ ಎಳೆದೆ.

"ನಲವತ್ತು ವರ್ಷ ಬಟ್ಟೆ ಮೇಲೆ ಗೆರೆ ಎಳೆದೋಳು ನಾನು. ಗೆರೆ ಹಿಂದೇನೇ ಕತ್ತರಿ ಬರುತ್ತೆ. ಒಂದು ಗೇಣು ಬಟ್ಟೆಗೂ ತಂದವ್ರನ್ನ ಕೇಳ್ದೆ ಕತ್ತರಿ ಇಟ್ಟಿಲ್ಲ. ನನ್ನ ಕಾಲಿಗೆ ಅಷ್ಟೂ ಮರ್ಯಾದೆ ಇಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಸರ್ಜನ್ ಮೇಲೆ, ಮಗನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ನೇರವಾಗಿ ಆಪರೇಷನ್ ಥಿಯೇಟರಿಗೆ ಹೋದೆ.

"ಮಗ ಸಹಿ ಹಾಕಿದ್ದಾನಲ್ಲ, ಇನ್ನೇನು? ಆಕೇನ ಕೇಳಿದ್ರೆ ಬೇಡ ಅಂತಾರೆ" ಎಂದರು ಸರ್ಜನ್. "ಅವ್ರ ಒಳ್ಳೇದಕ್ಕೇ ತಾನೆ ಮಾಡ್ತಿರೋದು?"

"ಆ ಒಳ್ಳೇದನ್ನ ಅವ್ರಿಗೇ ಹೇಳಿ ಸಾರ್. ಬುದ್ಧಿ ನೆಟ್ಟಗಿದೆ, ಕಿವಿ ಚೆನ್ನಾಗಿ ಕೇಳ್ಸುತ್ತೆ. ಗಂಡನ್ನ ಹೊರಗಿಟ್ಟು ಮದುವೆ ಮಾಡಕ್ಕಾಗುತ್ತಾ? ನೀವು ಹೇಳೋವರ್ಗೂ ನಾನು ಟ್ರಾಲಿ ತಳ್ಳಲ್ಲ."

"ಇದು ಅತಿಯಾಯ್ತು" ಎಂದು ಗೊಣಗುತ್ತಲೇ ಬಂದರು. ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದರು. ಟೇಲರಮ್ಮ ಎದೆ ಒಡೆದುಕೊಳ್ಳಲಿಲ್ಲ.

"ತೆಗೀದಿದ್ರೆ?"

"ನಂಜು ಮೇಲೇರುತ್ತೆ. ಜೀವ ಉಳಿಯೋದು ಕಷ್ಟ."

"ಒಂದೇ ಕಾಲಲ್ಲಿ ಮಿಷನ್ ತುಳೀಬಹುದಾ?"

ಸರ್ಜನ್ ತಡವರಿಸಿದರು. ಆಕೆಯ ಕೆಲಸವೇನೆಂದು ಅವರು ಕೇಳಿರಲೇ ಇಲ್ಲ. "ರೂಢಿಯಾದ್ರೆ ಆಗುತ್ತೆ. ಮೋಟಾರೂ ಹಾಕಿಸ್ಬಹುದು."

"ಒಂದು ದಿನ ತಡೆಯುತ್ತಾ?"

ಅವರು ಜ್ವರದ ಪಟ್ಟಿ ನೋಡಿ, "ಒಂದು ದಿನ ತಡೆಯುತ್ತೆ. ಅದಕ್ಕಿಂತ ಹೆಚ್ಚು ಬೇಡ" ಎಂದರು.

"ಹಾಗಾದ್ರೆ ನಾಳೆ ತೆಗೀರಿ. ಕಾಗದ ಕೊಡಿ, ಓದಿ ನಾನೇ ಸಹಿ ಹಾಕ್ತೀನಿ. ಇವತ್ತೊಂದಿನ ಕಾಲು ನನ್ನ ಹತ್ರ ಇರ್ಲಿ."

ಬೈಸಿಕೊಳ್ಳಲು ಸಿದ್ಧನಾಗಿಯೇ ಮಗ ಒಳಗೆ ಬಂದ. "ಬಾರೋ, ಕಾಲು ಸ್ವಲ್ಪ ಸವರು" ಎಂದಷ್ಟೇ ಅಂದರು ಅವನ ತಾಯಿ. ಅವನು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸವರುತ್ತಾ, ಸಂಜೆಯವರೆಗೂ ಅಲ್ಲೇ ಕೂತಿದ್ದ. ಕೇಳದೆ ಹೋಗಿದ್ದರೆ ಆ ದಿನವನ್ನೂ ನಾವು ಕಾಲಿನ ಜೊತೆಗೇ ಕತ್ತರಿಸಿ ಎಸೆದಿರುತ್ತಿದ್ದೆವು.