ಮಂಗಳವಾರದ ತಣ್ಣೀರು

ಮೀನುಗಳೆಲ್ಲ ಮತ್ತೆ, ತೊರೆಯಿಂದ ಕೊಳಕ್ಕೆ ನೀರು ತರುವ ಕಾಲುವೆಯ ಬಾಯಿಗೇ ಬಂದು ಮುತ್ತಿದ್ದವು. ರೀನಾ ಕೊಳದ ಅಂಚಿನಲ್ಲಿ ಮೊಣಕಾಲೂರಿ ಥರ್ಮಾಮೀಟರನ್ನು ನೀರಿಗಿಳಿಸಿದಳು. ನಿನ್ನೆಗಿಂತ ಹನ್ನೊಂದು ಡಿಗ್ರಿ ಕಡಿಮೆ. ಜುಲೈ ಬಿಸಿಲಿಗೆ ಬಂಡೆ ಕಾದು ಕೆಂಡವಾಗಿದೆ, ಮಳೆ ಬಂದು ಎರಡು ವಾರವಾಗಿದೆ, ತೊರೆ ಮಾತ್ರ ತಣ್ಣಗಾಗುವುದೆಂದರೇನು? ಷೆಡ್ಡಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಅದು ನಾಲ್ಕನೆಯ ಗುರುತು. ನಾಲ್ಕೂ ಮಂಗಳವಾರಗಳೇ.

ಟ್ರೌಟ್ ಮೀನು ಸಾಕುವವಳಿಗೆ ನೀರಿನ ಸುಳ್ಳು ಬೇಗ ತಿಳಿಯುತ್ತದೆ. ಹೋದ ತಿಂಗಳು ಇನ್ನೂರು ಮೀನು ಹೊಟ್ಟೆ ಮೇಲಾಗಿ ತೇಲಿದ್ದವು. ತೊರೆಯ ಮೇಲ್ಗಡೆ ಆಲೂಗಡ್ಡೆ ಕಾರ್ಖಾನೆ. ಆಲೂಗಡ್ಡೆ ತೊಳೆದು ಬೇಯಿಸಿದ ಗಂಜಿನೀರು ಮೊದಲು ಜೊಂಡು ನೆಟ್ಟು ಕಟ್ಟಿದ ಮೂರು ಜೌಗುಗಳಲ್ಲಿ ಹರಿದು, ತಿಳಿಯಾಗಿ ತೊರೆಗೆ ಸೇರಬೇಕು. ಪ್ರತಿ ಮಂಗಳವಾರ ಸರ್ಕಾರದ ಕಡೆಯಿಂದ ಹ್ಯಾಸ್ಕೆಲ್ ಎಂಬಾಕೆ ಬಂದು, ಜೌಗಿನಿಂದ ಹೊರಬೀಳುವ ನೀರನ್ನು ಪರೀಕ್ಷೆಗೆಂದು ಸೀಸೆಗೆ ತುಂಬಿಸಿಕೊಂಡು ಹೋಗುತ್ತಿದ್ದಳು. ವರದಿಯಲ್ಲಿ ಒಂದು ಸಲವೂ ತಪ್ಪು ಬಂದಿರಲಿಲ್ಲ.

ಜೌಗು ನೋಡಿಕೊಳ್ಳುವವನು ರೀನಾಳ ಸ್ವಂತ ತಮ್ಮ ರೊಸೇರ್.

ಭಾನುವಾರ ಅವನು ಊಟಕ್ಕೆ ಬಂದಾಗ, ಬೆಣ್ಣೆ ಸವರಿ ಸುರುಳಿ ಸುತ್ತಿದ ಪ್ಲೋಯ್ ದೋಸೆಗಳನ್ನು ತಟ್ಟೆಗೆ ಹಾಕುತ್ತಾ ಕೇಳಿದಳು. "ಮಂಗಳವಾರ ಮಾತ್ರ ನಿನ್ನ ಜೌಗಿಗೆ ಚಳಿಗಾಲ ಬರತ್ತೇನೋ?"

ರೊಸೇರ್ ತಲೆ ಎತ್ತಲಿಲ್ಲ. "ನಿಂಗೆ ಎಲ್ಲದರಲ್ಲೂ ಅನುಮಾನ ಅಕ್ಕ. ಪಾದ್ರಿ ಕೊಟ್ಟ ರೊಟ್ಟೀನೂ ಮೂಸಿ ನೋಡೋಳು ನೀನು."

ಎರಡೇ ತಿಂದು ಎದ್ದ. ಯಾವಾಗಲೂ ಆರು ತಿನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ರೀನಾ ತೊರೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಮೂರನೆಯ ಜೌಗಿನಲ್ಲಿ ಜೊಂಡು ಅರ್ಧಕ್ಕರ್ಧ ಹಳದಿಯಾಗಿ ಬಾಗಿತ್ತು. ಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಅಂಚಿನಲ್ಲಿ, ನೀರು ಹೊರಬೀಳುವ ತೊಟ್ಟಿಯೊಳಕ್ಕೆ, ದಪ್ಪ ಕೊಳವೆಯೊಂದು ಭೋರ್ಗರೆಯುತ್ತಿತ್ತು. ಕಾರ್ಖಾನೆಯ ಬೋರ್‌ವೆಲ್ ನೀರು, ತಣ್ಣಗೆ, ತಿಳಿಯಾಗಿ. ರೊಸೇರ್ ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದ.

"ನಾಚ್ಕೆ ಆಗಲ್ವೇನೋ ನಿಂಗೆ?"

ಅವನು ಬೆಚ್ಚಿಬಿದ್ದ. ಆಮೇಲೆ ಹೆಗಲು ಜೋತುಬಿತ್ತು. "ಈ ಜೊಂಡು ಒಂದೊಂದೂ ನನ್ನ ಕೈಯಾರೆ ನೆಟ್ಟಿದ್ದು ಅಕ್ಕ. ಒಂಬತ್ತು ವರ್ಷ ನೀರು ಕನ್ನಡಿ ಥರ ಇತ್ತು. ಈ ವರ್ಷ ಕಾರ್ಖಾನೇಲಿ ಎರಡನೇ ಮೆಷಿನ್ ಹಾಕಿದ್ರು, ಗಂಜಿನೀರು ಎರಡರಷ್ಟಾಯ್ತು. ವರದಿ ಕೆಟ್ರೆ ಜೌಗು ದಂಡ, ಮುಚ್ಚಿ ಮಣ್ಣು ಹಾಕ್ತೀವಿ ಅಂದ್ರು ಮ್ಯಾನೇಜರು."

"ಅದಕ್ಕೆ?"

"ಅದಕ್ಕೆ... ಸ್ವಲ್ಪ ದಿನ ಕಾಪಾಡೋಣ ಅಂತ."

ರೀನಾ ಬಾಗಿದ ಜೊಂಡಿನ ಕಡೆ ನೋಡಿದಳು. ನಾಲ್ಕು ವಾರ ಕೂಡಿಟ್ಟುಕೊಂಡಿದ್ದ ಬೈಗುಳ ಬಿಟ್ಟು, ಒಂದು ಜೊಂಡನ್ನು ನೆಟ್ಟಗೆ ಎತ್ತಿ ಹಿಡಿದಳು.

"ಜೌಗು ಕೆಟ್ಟಿಲ್ಲ ಕಣೋ. ಒಬ್ಬನ ಹೊಟ್ಟೆಗೆ ಇಬ್ಬರ ಊಟ ತುರುಕ್ತಿದಾರೆ. ನೀನು ಬಾಯಿ ಒರೆಸಿ, ಏನೂ ಆಗಿಲ್ಲ ಅಂತಿದೀಯ. ಹೀಗೇ ಬಿಟ್ರೆ ಉಳಿಯತ್ತಾ ಇದು?"

ಕಚ್ಚಾರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹ್ಯಾಸ್ಕೆಲಳ ಪಿಕಪ್ ಬಂತು. ಆಕೆ ಸೀಸೆಗಳ ಪೆಟ್ಟಿಗೆ ಹಿಡಿದು ಇಳಿದಳು. "ಇವತ್ತು ಕುಟುಂಬ ಸಮೇತ ಸ್ವಾಗತಾನಾ?"

ರೀನಾ ಬಾಯಿ ತೆರೆಯುವಷ್ಟರಲ್ಲಿ ರೊಸೇರ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದ. ಭೋರ್ಗರೆತ ಕುಗ್ಗಿ, ಗುಳುಗುಳು ಎಂದು ನಿಂತುಹೋಯಿತು.

"ಅರ್ಧ ಗಂಟೆ ಕಾಯ್ಬೇಕಾಗತ್ತೆ, ಮೇಡಂ," ಎಂದ. "ಈಗಿರೋದು ಜೌಗಿನ ನೀರಲ್ಲ."

ಹ್ಯಾಸ್ಕೆಲ್ ಕೊಳವೆಯನ್ನು ನೋಡಿದಳು, ಅವನನ್ನು ನೋಡಿದಳು. ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೇ ಕೂತಳು.

ಮೂವರೂ ತೊಟ್ಟಿಯನ್ನೇ ನೋಡುತ್ತಿದ್ದರು. ತಳದ ಬಿಳಿ ಜಲ್ಲಿ ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ಮೂಲೆಯಿಂದ ಕಂದು ಎಳೆಯೊಂದು ಹೊಗೆಯಂತೆ ನುಸುಳಿ ಬಂತು; ಜಲ್ಲಿಕಲ್ಲುಗಳು ಒಂದೊಂದಾಗಿ ಮರೆಯಾದವು.