ಎದುರು ಮರದಡಿಯ ಬಿಳಿ ಕಾರು

ಬಿಳಿ ಕಾರು ಎರಡನೆಯ ಭಾನುವಾರವೂ ಎದುರು ಮನೆಯ ಮರದಡಿ ಬೆಳಗ್ಗೆಯೇ ಬಂದು ನಿಂತಿತ್ತು. ಮಸೀನಾ ಪರದೆ ಸರಿಸದೆ ಸಂದಿಯಿಂದಲೇ ನೋಡಿದಳು. ಒಳಗೆ ಅದೇ ಗಂಡಸು, ಅದೇ ಟೋಪಿ.

"ಅವನೇ ಅತ್ತೆ. ವಿಮೆ ಕಂಪನಿಯವನು. ನನ್ನನ್ನ ವಿಡಿಯೊ ಮಾಡೋಕೆ ಬಂದಿದಾನೆ."

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒದ್ದೆ ಚಾದರ ತುಂಬಿದ ಗಾಡಿ ಮಗುಚಿ ಸೊಂಟದ ಮೇಲೆ ಬಿದ್ದಾಗಿನಿಂದ ಮಸೀನಾ ನೆಟ್ಟಗೆ ನಿದ್ದೆ ಮಾಡಿದವಳಲ್ಲ. ಬೆನ್ನಿಗೆ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಅದಕ್ಕೆ ಖರ್ಚು ಕೊಡಬೇಕಾದ ಕಾರ್ಖಾನೆಯ ವಿಮೆ ಕಂಪನಿ ಹೂಂ ಅನ್ನಬೇಕಿತ್ತು. ಕಾಲು ಮುರಿದರೆ ಬ್ಯಾಂಡೇಜಾದರೂ ಕಾಣುತ್ತದೆ, ಬೆನ್ನೊಳಗಿನ ನೋವನ್ನು ಯಾರಿಗೆ ಬಿಚ್ಚಿ ತೋರಿಸುವುದು? ಅವಳು ನರಳುವುದು ನಿಜವೋ ನಾಟಕವೋ ಎಂದು ನೋಡಿಬರಲು ಆ ಪುಣ್ಯಾತ್ಮರು ಆಳು ಬಿಟ್ಟಿದ್ದರು. ಹೊರಗೆ ಬಂದಾಗ ಒಂದು ಕಡ್ಡಿಯನ್ನೂ ಎತ್ತಬೇಡಿ ಎಂದು ಅವಳ ವಕೀಲ ಎಚ್ಚರಿಸಿದ್ದ. ಅಂದಿನಿಂದ ಕಸದ ಡಬ್ಬಿ ಮುಟ್ಟಲೂ ಹೆದರಿಕೆ. ನೋವು ಕೊಂಚ ಇಳಿದ ದಿನ ಅಂಗಳದಲ್ಲಿ ನಿಂತು ನಗುವುದಕ್ಕೂ ಹೆದರಿಕೆ. ಕಳ್ಳತನ ಮಾಡಿದವರೂ ಇಷ್ಟು ಅಂಜಿ ಬದುಕುವುದಿಲ್ಲ.

ಅತ್ತೆ ಫುವಾತಿನೋಗೆ ಈ ವಿಮೆ ಗಿಮೆಯೆಲ್ಲ ತಲೆಗೆ ಹೋಗುವಂಥದ್ದಲ್ಲ. ಸಮೋವಾದಿಂದ ಸಿಡ್ನಿಗೆ ಬಂದು ಎಷ್ಟೋ ವರ್ಷವಾದರೂ ಆಕೆಗೆ ಬರುವ ಇಂಗ್ಲಿಷ್ ಊಟ ತಿಂಡಿ ವಿಚಾರಿಸುವಷ್ಟೇ. ಚರ್ಚಿನಿಂದ ಬಂದು ಊಟಕ್ಕೆ ಅಣಿ ಮಾಡುತ್ತಿದ್ದವಳು ಕಿಟಕಿಯತ್ತ ಇಣುಕಿದಳು.

"ಬೆಳಗ್ಗೆಯಿಂದ ಅಲ್ಲೇ ಕೂತಿದಾನೆ. ಏನಾದ್ರೂ ತಿಂದಿದಾನಾ?"

"ತಿಂದ್ರೆಷ್ಟು ಬಿಟ್ರೆಷ್ಟು? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿರೋನು."

"ಅದು ಅವನ ಕೆಲಸ ಕಣೇ. ನಮ್ಮ ಬಾಗಿಲಲ್ಲಿ ಒಬ್ಬ ಹಸ್ಕೊಂಡು ಕೂತಿದ್ರೆ ನಾನು ನಾಲ್ಕು ಜನಕ್ಕೆ ಹೇಗೆ ಮುಖ ತೋರಿಸ್ಲಿ?"

ಮುದುಕಿ ಹಟಕ್ಕೆ ಬಿದ್ದರೆ ಮುಗಿಯಿತು. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಗೆಡ್ಡೆ, ಹಂದಿಮಾಂಸ, ಎಲ್ಲವನ್ನೂ ದೊಡ್ಡ ತಟ್ಟೆಗೆ ಪೇರಿಸಿಕೊಂಡು ಹೊರಟೇಬಿಟ್ಟಳು. ಜಗಲಿಯ ಮೆಟ್ಟಿಲಲ್ಲಿ ಆಕೆಯ ಕಾಲು ಜಾರಿತು. ಮಸೀನಾಗೆ ವಕೀಲ, ಕ್ಯಾಮೆರಾ ಯಾವುದೂ ನೆನಪಾಗಲಿಲ್ಲ. ಓಡಿಹೋಗಿ ಒಂದು ತೋಳಿನಲ್ಲಿ ಅತ್ತೆಯನ್ನೂ ಇನ್ನೊಂದು ಕೈಯಲ್ಲಿ ತಟ್ಟೆಯನ್ನೂ ಹಿಡಿದಳು. ಅತ್ತೆ ಬೀಳಲಿಲ್ಲ, ತಟ್ಟೆಯೂ ಬೀಳಲಿಲ್ಲ. ಮರುಗಳಿಗೆ ಸೊಂಟದಿಂದ ಕಾಲಿನವರೆಗೆ ಬರೆ ಎಳೆದಂತಾಗಿ ಅವಳೇ ಹುಲ್ಲಿನ ಮೇಲೆ ಕುಸಿದಳು.

ಕಾರಿನ ಬಾಗಿಲು ತೆರೆಯಿತು. ಟೋಪಿಯವನು ಓಡಿಬಂದು ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದ. ಅತ್ತೆ ಅವನನ್ನು ಬಿಟ್ಟಾಳೆಯೇ? ಕೂರಿಸಿ, ಹೆಸರು ಕೇಳಿ, ಬಡಿಸಿದಳು. ಕ್ರೇಗ್ ಎಂದ. ಎರಡು ಸಲ ಹಾಕಿಸಿಕೊಂಡು ಉಂಡ. ಉಂಡ ಮೇಲೆ ಅವನ ಮುಖ ಸಣ್ಣಗಾಯಿತು.

"ನಾನು ಕಾರಿಂದ ಇಳಿದೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಮಸೀನಾ ಮಲಗಿದಲ್ಲಿಂದಲೇ ಅದನ್ನು ಸಮೋವನ್ ಮಾತಿಗೆ ತಿರುಗಿಸಿ ಹೇಳಿದಳು. ಅತ್ತೆ ಅವನ ತಲೆಯ ಮೇಲೆ ಕೈ ಇಟ್ಟಳು. "ನಮ್ಮನೇಲಿ ಉಂಡಿದೀಯ. ನಮ್ಮ ಬಾಯಿಂದ ಹೊರಗೆ ಹೋಗಲ್ಲ." ಹೋಗುವಾಗ ಅವನು ಆಕೆಯನ್ನು ಅಮ್ಮಾ ಅನ್ನುವ ಹಾಗೆ ಮಾಮಾ ಎಂದು ಕರೆದು ಕೈ ಮುಟ್ಟಿದ.

ಒಂದು ತಿಂಗಳ ಮೇಲೆ ವಿಮೆ ಕಂಪನಿಯಿಂದ ಕಚೇರಿಗೆ ಬರಲು ಕರೆ ಬಂತು. ಅತ್ತೆ ಕೈ ಹಿಡಿದುಕೊಂಡು ಜೊತೆಗೆ ಬಂದಳು. ನಡೀನ್ ಎಂಬ ಅಧಿಕಾರಿಣಿ ಲ್ಯಾಪ್‌ಟಾಪನ್ನು ಇವರತ್ತ ತಿರುಗಿಸಿದಳು. ಮಸೀನಾ ಮೆಟ್ಟಿಲಿಳಿದು ಓಡುತ್ತಾಳೆ, ಒಂದು ಕೈಯಲ್ಲಿ ಅತ್ತೆ, ಒಂದು ಕೈಯಲ್ಲಿ ತಟ್ಟೆ. ಅಲ್ಲಿಗೆ ಚಿತ್ರ ಮುಗಿಯಿತು.

"ಬೆನ್ನು ಆಪರೇಷನ್ ಆಗಬೇಕಾದವರು ಹೀಗೆ ಓಡ್ತಾರಾ? 'ಆಮೇಲೆ ಯಾವ ತೊಂದರೆಯೂ ಇಲ್ಲದೆ ನಡೆದು ಒಳಗೆ ಹೋದರು' ಅಂತ ನಮ್ಮವರು ವರದಿ ಕೊಟ್ಟಿದಾರೆ. ಇಂಥಾದ್ದಕ್ಕೆ ನಾವು ಒಪ್ಪಿಗೆ ಕೊಡೋಕಾಗಲ್ಲ."

ಮಸೀನಾಳ ಮೈಯೆಲ್ಲ ಉರಿಯಿತು.

"ಏನಂತೆ?" ಎಂದಳು ಅತ್ತೆ.

"ನಾನೇ ನಡ್ಕೊಂಡು ಒಳಗೆ ಹೋದೆ ಅಂತ ಅವನು ಬರೆದಿದಾನೆ. ಆಪರೇಷನ್ ಇಲ್ಲವಂತೆ."

ಅತ್ತೆ ತಲೆ ತಗ್ಗಿಸಿದಳು. "ಮಾತು ಕೊಟ್ಟಿದೀವಲ್ಲೇ."

"ಮಾತು ಕೊಟ್ಟಿದ್ದು ನೀವು, ಅತ್ತೆ. ಬೆನ್ನು ನನ್ನದು."

ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ ಅವಳು. ಅಷ್ಟು ಹೇಳಿ ಅಧಿಕಾರಿಣಿಯತ್ತ ತಿರುಗಿ ಅಂದು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಡೀನ್ ನಂಬಲಿಲ್ಲ. ಆದರೂ ಮೇಜಿನ ಮೇಲೆ ಫೋನಿಟ್ಟು ಎಲ್ಲರಿಗೂ ಕೇಳಿಸುವಂತೆ ಕರೆ ಮಾಡಿದಳು.

"ಕ್ರೇಗ್, ಅವತ್ತು ಕಾರಿಂದ ಇಳಿದಿದ್ರಾ?"

"ಇಲ್ಲ."

"ಆ ಮನೆಯವರ ಜೊತೆ ಮಾತಾಡಿದ್ರಾ?"

"ಒಂದು ಮಾತೂ ಇಲ್ಲ."

ನಡೀನ್ ಹುಬ್ಬೇರಿಸಿ ಮಸೀನಾಳನ್ನು ನೋಡಿದಳು. ಎಲ್ಲ ಮುಗಿಯಿತು ಎಂದು ಮಸೀನಾ ಕಣ್ಣು ಮುಚ್ಚಿಕೊಂಡಳು. ಕರೆ ಕತ್ತರಿಸಲು ನಡೀನ್ ಕೈ ಚಾಚುವಷ್ಟರಲ್ಲಿ ಅತ್ತೆ ಮೇಜಿನ ಮೇಲೆ ಬಗ್ಗಿ, ತನಗೆ ಬರುವ ಹರಕು ಮುರುಕು ಇಂಗ್ಲಿಷಿನಲ್ಲಿ ಫೋನಿಗೆ ಹೇಳಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಕ್ರೇಗ್, ಮಗನೇ. ಊಟ ಆಯ್ತಾ?"

ನಡೀನಳ ಕೈ ಅಲ್ಲೇ ನಿಂತಿತು.

"ಆಯ್ತು, ಮಾಮಾ," ಎಂದಿತು ಫೋನು. ಆಮೇಲೆ ತೀರ ಸಣ್ಣ ದನಿಯಲ್ಲಿ, "ಅವರನ್ನ ಒಳಗೆ ಎತ್ಕೊಂಡು ಹೋಗಿದ್ದು ನಾನೇ, ನಡೀನ್. ಅವರಿಗೆ ಕೂರೋಕೂ ಆಗ್ತಿರಲಿಲ್ಲ," ಎಂದಿತು.

ನಡೀನ್ ಕರೆ ಕತ್ತರಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಈ ವರದಿಯನ್ನು ಕಿತ್ತುಹಾಕುವುದಾಗಿಯೂ, ಆಪರೇಷನ್ನಿಗೆ ತನ್ನ ಕಡೆಯಿಂದ ಇನ್ನು ಅಡ್ಡಿಯಿಲ್ಲವೆಂದೂ ಮುಖ ನೋಡದೆ ಹೇಳಿದಳು. ಮಸೀನಾಗೆ ಅಳು ಉಕ್ಕಿ ಬಂತು. ಮೇಜು ಹಿಡಿದುಕೊಂಡು ಮೆಲ್ಲಗೆ ಎದ್ದು ಅತ್ತೆಯತ್ತ ತಿರುಗಿದಳು. ಅತ್ತೆಯೂ ಅಳುತ್ತಿದ್ದಳು.

"ಒಪ್ಪಿದ್ರು ಅತ್ತೆ. ಆಪರೇಷನ್ ಆಗುತ್ತೆ."

"ಗೊತ್ತಾಯ್ತು ಕಣೇ," ಎಂದು ಮುದುಕಿ ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಆ ಹುಡುಗನ ಕೆಲಸ ಹೋಯ್ತಲ್ಲೇ."