ನಲವತ್ತು ದಿನದ ಅಪ್ಪ

ತಪಸ್ಸುಕಾಲ ಬಂತೆಂದರೆ ಗಾಜಿನಂಗಡಿಯವನಿಗೆ ಕೈತುಂಬಾ ಕೆಲಸ. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ಅವನು ಕುಡಿಯುವುದಿಲ್ಲ, ಕೈ ನಡುಗುವುದಿಲ್ಲ ಎಂಬುದು ಗಿರಾಕಿಗಳಿಗೆಲ್ಲ ಗೊತ್ತು. ಆಳೆತ್ತರದ ಕನ್ನಡಿ, ಅಗಲದ ಕಿಟಕಿಗಾಜು ಏನಿದ್ದರೂ ಆಗಲೇ ತರುತ್ತಿದ್ದರು. ಅವನು ಗಾಜು ಕೊಯ್ಯುವ ಕಟರಿನ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿಯ ಪಕ್ಕದಲ್ಲಿ ಒಂದೇ ಉಸಿರಿಗೆ ಗೆರೆ ಎಳೆದು, ಗಾಜನ್ನು ಮೇಜಿನ ಅಂಚಿಗೆ ತಂದು ಮೆಲ್ಲಗೆ ಒತ್ತುತ್ತಿದ್ದ. ಟಕ್ಕೆಂದು ಎರಡಾಗುತ್ತಿತ್ತು.

"ಏನಪ್ಪಾ ಸನ್ಯಾಸಿ, ಇನ್ನೆಷ್ಟು ದಿನ?" ಎಂದು ಗೆಳೆಯ ಪೇಂಟರ್ ಅಂಗಡಿಯ ಬಾಗಿಲಲ್ಲಿ ನಿಂತು ಕೆಣಕಿದ.

"ಇನ್ನೊಂದು ವಾರ. ಕುಡುಕ ಕುಡುಕ ಅಂತಾರಲ್ಲ ಜನ, ಕುಡುಕನ ಕೈಲಿ ಇದಾಗುತ್ತೇನೋ?"

ಜಂಬದ ಮಾತಾದರೂ ಸುಳ್ಳಲ್ಲ. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಬೂದಿ ಬಿದ್ದ ಮೇಲೆ ಅವನು ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ಏಳಕ್ಕೆ ಸರಿಯಾಗಿ ಮನೆಗೆ ಬರುತ್ತಿದ್ದ. ನೇರಳೆ ಬಟ್ಟೆ ಹೊದಿಸಿದ ಶಿಲುಬೆಯ ಮುಂದೆ ಹೆಂಡತಿ, ಮಗಳ ಜೊತೆ ಮೊಣಕಾಲೂರಿ ಪ್ರಾರ್ಥನೆ ಹೇಳಿಸುತ್ತಿದ್ದ. ಆಮೇಲೆ ಮಗಳಿಗೆ ಮಗ್ಗಿ ಕೇಳುವುದು, ಬಾಗಿಲಿನ ಸಡಿಲವಾದ ತಿರುಪು ಬಿಗಿಯುವುದು, ಹೆಂಡತಿ ತೊಳೆದ ಪಾತ್ರೆ ಒರೆಸುವುದು. ಆ ದಿನಗಳಲ್ಲಿ ಅವನಂಥ ಅಪ್ಪ ಹುಡುಕಿದರೂ ಸಿಗುವುದಿಲ್ಲ. ಈ ಮಾತನ್ನು ಅವನ ಹೆಂಡತಿಯೇ ಹೇಳುತ್ತಿದ್ದಳು, ಹೇಳಿ ನಿಟ್ಟುಸಿರು ಬಿಡುತ್ತಿದ್ದಳು.

ಏಕೆಂದರೆ ಹಬ್ಬದ ಮಧ್ಯಾಹ್ನ ಪೇಂಟರ್ ಬಾಟಲಿಯ ಸಮೇತ ಹಾಜರಾಗುತ್ತಿದ್ದ. ಅಲ್ಲಿಗೆ ಸನ್ಯಾಸ ಮುಗಿಯಿತು. ಹೋದ ವರ್ಷ ಉಪ್ಪು ಹೆಚ್ಚಾಯಿತೆಂದು ಊಟದ ಮೇಜನ್ನೇ ಮಗುಚಿ ಹಾಕಿದ್ದ. ಅಂದು ಶುರುವಾದದ್ದು ಮುಂದಿನ ಬೂದಿ ಬುಧವಾರದವರೆಗೂ ನಿಲ್ಲಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಹೆಂಡತಿ ಹಬ್ಬದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಲಾಂಡ್ರಿಯಲ್ಲಿ ದಿನವಿಡೀ ಅದೇ ಕೆಲಸ ಮಾಡಿ ಬರುವವಳು ಅವಳು. ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. "ಈ ಸಲ ಹಬ್ಬ ಆದ್ಮೇಲೂ ಹೀಗೇ ಇರ್ತೀರಾ?"

"ಬಿಡೋಕೆ ಬರುತ್ತೆ ಅಂತ ವರ್ಷಾ ವರ್ಷಾ ತೋರಿಸ್ತಿಲ್ವಾ? ಇನ್ನೇನು ಬೇಕು ನಿಂಗೆ?"

"ಅದೇ ನನ್ನ ಹೊಟ್ಟೆ ಉರಿಸೋದು. ಬಿಡೋಕಾಗದೇ ಕುಡೀತಿದ್ರೆ, ಪಾಪ ಕಾಯಿಲೆ ಅಂತ ಅಂದ್ಕೋತಿದ್ದೆ. ದೇವರಿಗೋಸ್ಕರ ನಲವತ್ತು ದಿನ ಬಿಡ್ತೀರಿ. ನಮಗೋಸ್ಕರ ಒಂದು ದಿನ ಆಗಲ್ಲ."

"ವರ್ಷವೆಲ್ಲಾ ಗಾಜಿನ ಜೊತೆ ಗುದ್ದಾಡ್ತೀನಿ. ಕೈಯೆಲ್ಲ ನೋಡು, ಗೀರು ಇಲ್ದೇ ಇರೋ ಜಾಗ ಇದೆಯಾ? ಹಬ್ಬದ ದಿನ ಒಂದು ಗುಟುಕು ಸಂತೋಷಾನೂ ತಪ್ಪಾ?"

"ಒಂದೇ ಗುಟುಕಾಗಿದ್ರೆ ನಾನೇ ಬಗ್ಗಿಸಿ ಕೊಡ್ತಿದ್ದೆ" ಎಂದು ಅವಳು ಅಂಗಿ ಮಡಿಚಿಟ್ಟಳು. ಅವನಿಗೆ ಸಿಟ್ಟು ಬಂತು. ವ್ರತದಲ್ಲಿದ್ದೇನೆಂದು ಅದನ್ನೂ ನುಂಗಿಕೊಂಡ.

ಯೇಸು ಶಿಲುಬೆಯ ಮೇಲೆ ಸತ್ತ ದಿನವಾದ ಶುಭ ಶುಕ್ರವಾರದ ಸಂಜೆ ಮೂವರೂ ಮೊಣಕಾಲೂರಿದರು. ಪುಸ್ತಕದ ಪ್ರಾರ್ಥನೆ ಮುಗಿದ ಮೇಲೆ ಅಂದು ಒಬ್ಬೊಬ್ಬರೂ ಸ್ವಂತ ಮಾತಿನಲ್ಲಿ ಒಂದು ಕೋರಿಕೆ ಹೇಳುವುದು ಆ ಮನೆಯ ಪದ್ಧತಿ. ಹೆಂಡತಿ ಹಾಸಿಗೆ ಹಿಡಿದವರಿಗಾಗಿ ಬೇಡಿದಳು. ಅವನು ಲೋಕದ ಪಾಪಿಗಳಿಗಾಗಿ ಗಟ್ಟಿ ದನಿಯಲ್ಲಿ ಬೇಡಿದ. ಕೊನೆಗೆ ಎಂಟು ವರ್ಷದ ಮಗಳು ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಜೋಡಿಸಿದಳು.

"ಯೇಸಪ್ಪಾ, ಈ ಸಲ ಮೂರೇ ದಿನಕ್ಕೆ ಎದ್ದು ಬರಬೇಡಪ್ಪಾ. ಇನ್ನೂ ಸ್ವಲ್ಪ ದಿನ ಮಲಗಿರು. ನೀನೆದ್ರೆ ಹಬ್ಬ ಬರುತ್ತೆ. ಹಬ್ಬ ಬಂದ್ರೆ ಈ ಅಪ್ಪ ಹೋಗ್ಬಿಡ್ತಾರೆ. ಆಮೆನ್."

ತಾಯಿ ಬೆಚ್ಚಿಬಿದ್ದಳು. "ಏಯ್, ಎಂಥ ಮಾತಾಡ್ತೀಯೇ? ಬಿಡ್ತು ಅನ್ನು!"

"ಯಾಕಮ್ಮಾ? ನಾನೇನು ಸುಳ್ಳು ಹೇಳಿದ್ನಾ?"

"ಅವಳನ್ನ ಬಯ್ಯಬೇಡ" ಎಂದ ಅವನು. ಜಗತ್ತೆಲ್ಲ ಕಾಯುವ ಆ ಬೆಳಗು ತನ್ನ ಮಗಳಿಗೆ ಬೇಡವಾಗಿದೆ, ಬೇಡವಾದದ್ದು ತನ್ನಿಂದ ಎಂದು ಅವನಿಗೆ ಆ ಕ್ಷಣ ತಿಳಿಯಿತು. ನಲವತ್ತು ದಿನ ತಾನು ದೇವರ ಮುಂದೆ ತೋರಿಸಿಕೊಂಡ ಹೆಮ್ಮೆಗೆ ನಾಚಿಕೆಯಾಯಿತು, ತಲೆಯೆತ್ತಲಾಗದಷ್ಟು. ಮರುದಿನ ಅಂಗಡಿಯಲ್ಲಿ ಹನಿ ಮುಟ್ಟದ ಕೈಯೇ ನಡುಗಿ ಎರಡು ಗಾಜು ಒಡೆದವು. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

ಹಬ್ಬದ ದಿನ ಚರ್ಚಿನಿಂದ ಬಂದು ಊಟಕ್ಕೆ ತಟ್ಟೆ ಇಡುತ್ತಿದ್ದಾಗ ಹೊರಗಿನಿಂದ ಪೇಂಟರ್ ಕೂಗಿದ. "ಸನ್ಯಾಸೀ, ಬಾಗಿಲು ತೆಗಿಯೋ!" ಕಂಕುಳಲ್ಲಿ ಕಾಗದ ಸುತ್ತಿದ ಬಾಟಲಿ ಇತ್ತು.

ಅವನು ಹೊಸ್ತಿಲಲ್ಲೇ ನಿಂತ. "ಊಟಕ್ಕೆ ಬಾ. ಅದು ಮಾತ್ರ ಒಳಗೆ ಬೇಡ."

"ಯಾಕೋ? ಯೇಸು ಎದ್ದಾಯ್ತು, ನಿನ್ನ ವ್ರತ ಮುಗೀತು."

"ನಮ್ಮನೇಲಿ ಇನ್ನೂ ಎದ್ದಿಲ್ಲ ಕಣೋ."

ಪೇಂಟರ್ ಮೊದಲು ನಕ್ಕ, ಆಮೇಲೆ ಮುನಿಸಿಕೊಂಡ. "ನಾನು ನಿನ್ನ ಖುಷಿಗೆ ಅಂತ ತಂದೆ. ಇರಲಿ, ನಾಳೆ ನೀನೇ ನನ್ನ ಹುಡುಕ್ಕೊಂಡು ಬರ್ತೀಯ ನೋಡು."

"ಬಂದ್ರೂ ಬರಬಹುದು. ಬಂದ್ರೆ ವಾಪಸ್ ಕಳಿಸು."

ಬಾಗಿಲು ಹಾಕಿ ತಿರುಗಿದರೆ ಮಗಳು ಮೇಜಿನ ಬಳಿ ಇರಲಿಲ್ಲ. ಸಾರು ಬಡಿಸುತ್ತಿದ್ದ ಹೆಂಡತಿ ಬಚ್ಚಲಮನೆಯ ಕಡೆ ಕಣ್ಣು ತೋರಿಸಿದಳು. "ಅವರ ದನಿ ಕೇಳಿದ ತಕ್ಷಣ ಅಲ್ಲಿ ಸೇರಿಕೊಂಡು ಚಿಲಕ ಹಾಕ್ಕೋತಾಳೆ. ಯಾವಾಗಲೂ ಅಲ್ಲೇ. ನಿಮಗೆ ಗೊತ್ತೇ ಇಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಹೋಗಿ ಬಚ್ಚಲಮನೆಯ ಮುಂದಿನ ಒದ್ದೆ ನೆಲದ ಮೇಲೆ ಹಬ್ಬದ ಬಟ್ಟೆಯಲ್ಲೇ ಕುಳಿತ.

"ಮಗಳೇ, ಅವನು ಹೋದ. ನಾನು ಕುಡ್ದಿಲ್ಲಮ್ಮಾ, ಹೊರಗೆ ಬಾ."

ಒಳಗಿನಿಂದ ಸಣ್ಣ ದನಿ ಕೇಳಿಸಿತು. "ಊದಿ."

"ಏನು?"

"ಬಾಗಿಲ ಕೆಳಗಿಂದ ಊದಿ. ನಂಗೆ ವಾಸನೆ ಗೊತ್ತಾಗುತ್ತೆ."

ಅವನು ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಬಾಗಿಲ ಸಂದಿನಲ್ಲಿ ಉಸಿರು ಊದಿದ. ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು.

"ಇನ್ನೊಂದ್ಸಲ."

ಇನ್ನೊಂದು ಸಲ ಊದಿದ. ಕಣ್ಣೀರು ಮೂಗಿನಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು. ಒಳಗಿನಿಂದ ಚಿಲಕ ಸರಿದ ಸದ್ದಾಯಿತು.